ಒಂದೂವರೆ ದಿನದ ಗೈರು

ಹೋದ ತಿಂಗಳು ಪತ್ರಿಕೆಯಲ್ಲಿ ನಮ್ಮ ಇಸ್ತ್ರಿಯ ಫೋಟೋ ಬಂದಿತ್ತು. ನಿವೃತ್ತಿಯ ದಿನ ಅವನಿಗೆ ಪದಕ ಕೊಟ್ಟರಂತೆ. ‘ತನ್ನ ಜನರನ್ನು ಉಳಿಸಿದ ಅಧಿಕಾರಿ’ ಎಂದು ಕೆಳಗೆ ಬರೆದಿದ್ದರು. ನಾನು ಎರಡು ಸಲ ಓದಿದೆ. ಮೊದಲನೇ ಸಲ ನಂಬಿಕೆ ಬರಲಿಲ್ಲ, ಎರಡನೇ ಸಲ ನಗು ಬಂತು. ಉಳಿಸಿದ್ದು ಸುಳ್ಳೇನಲ್ಲ. ಬೆಂಕಿ ಬಿದ್ದ ಮನೆಯಿಂದ ತಾನು ಓಡುವ ಅವಸರದಲ್ಲಿ ಬಾಗಿಲು ಮುಚ್ಚಲು ಮರೆತವನು, ಹಿಂದೆ ಬಂದವರನ್ನೆಲ್ಲ ಕಾಪಾಡಿದ ಅನ್ನಬಹುದಾದರೆ, ಇವನೂ ಕಾಪಾಡಿದ.

ಇಸ್ತ್ರಿ ನನ್ನ ಚಿಕ್ಕಮ್ಮನ ಮಗ. ನನಗಿಂತ ಆರು ವರ್ಷಕ್ಕೆ ಚಿಕ್ಕವನು. ನಾವು ಆಚೆಯವರು. ಹೊಳೆಯ ಆಚೆಯಿಂದ ಸುಣ್ಣದ ಗೂಡಿನ ಕೆಲಸಕ್ಕೆ ಬಂದವರು ಅಂತ ಊರವರು ಇಟ್ಟ ಹೆಸರು ಅದು. ಬಂದು ನಾಲ್ಕು ತಲೆಮಾರಾಯಿತು, ಆಚೆ ಹೇಗಿದೆ ಎಂದು ನಮ್ಮಲ್ಲಿ ಒಬ್ಬರೂ ಕಣ್ಣಾರೆ ಕಂಡಿಲ್ಲ. ಆದರೂ ನಮ್ಮ ಮನೆಮಾತು ಬೇರೆ, ಹೆಸರುಗಳು ಬೇರೆ ಆದ್ದರಿಂದ ಊರವರ ಪಾಲಿಗೆ ನಾವು ನಿನ್ನೆ ಸಂಜೆ ದೋಣಿ ಇಳಿದವರು. ಚಿಕ್ಕಮ್ಮ ಗೂಡಿನಲ್ಲಿ ಸುಣ್ಣದ ಜರಡಿ ಹಿಡಿಯುತ್ತಿದ್ದಳು. ಸುಣ್ಣ ತಿಂದು ಅವಳ ಬೆರಳ ತುದಿಗಳು ಸದಾ ಒಡೆದಿರುತ್ತಿದ್ದವು. ಆ ಬೆರಳುಗಳಿಂದಲೇ ಮಗನ ಅಂಗಿಗೆ ಕೆಂಡದ ಇಸ್ತ್ರಿ ಉಜ್ಜಿ ಶಾಲೆಗೆ ಕಳಿಸುತ್ತಿದ್ದಳು. ಬೀದಿಯವರು ಹುಡುಗನಿಗೇ ಇಸ್ತ್ರಿ ಅಂತ ಹೆಸರಿಟ್ಟರು. ಆಮೇಲೆ ಅವನು ಎಷ್ಟು ದೊಡ್ಡವನಾದರೂ, ಅಂಗಿಯ ಮಡಿಕೆಯೊಂದು ಬಿಟ್ಟು ಅವನಲ್ಲಿ ನೆಟ್ಟಗಿದ್ದದ್ದು ನಾನು ಬೇರೇನೂ ಕಾಣಲಿಲ್ಲ.

ಆಗ ಜನರಲ್‌ನ ಆಡಳಿತ. ಪ್ರತಿ ಜಿಲ್ಲೆಯ ಕಚೇರಿಯಲ್ಲೂ ಒಬ್ಬ ಆಚೆಯವ ಇರಬೇಕು, ಹೊರದೇಶದವರು ಬಂದಾಗ ತೋರಿಸುವುದಕ್ಕೆ. ಓದಿದವನು, ಹಲ್ಲು ಬೆಳ್ಳಗಿತ್ತು, ಇಸ್ತ್ರಿಗೆ ಕೆಲಸ ಸಿಕ್ಕಿತು. ಅತಿಥಿಗಳು ಬಂದರೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಅವರ ಕಾರು ಗೇಟು ದಾಟಿದ ಕೂಡಲೇ ಅವನು ತಾನಾಗಿಯೇ ಎದ್ದು ಹಿಂದಿನ ಸಾಲಿಗೆ ಹೋಗುತ್ತಿದ್ದ, ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಬೀದಿಯ ಶಾಲೆಯಲ್ಲಿ ನಮ್ಮ ಮಾತಿನಲ್ಲಿ ಪಾಠ ಹೇಳುವುದನ್ನು ನಿಲ್ಲಿಸಬಹುದೇ ಎಂದು ಮೇಲಿನವರು ಒಮ್ಮೆ ಬರೀ ಅಭಿಪ್ರಾಯ ಕೇಳಿದ್ದರು. ಇವನು ಅಭಿಪ್ರಾಯದ ಜೊತೆಗೆ ಆದೇಶದ ಕರಡನ್ನೂ ಬರೆದು ಕಳಿಸಿದ, ಹೊಸ ಬೋರ್ಡು ಯಾವ ಬಣ್ಣದ್ದಿರಬೇಕು ಅನ್ನುವುದನ್ನೂ ಸೇರಿಸಿ. ಅದಕ್ಕೆ ಒಂದು ಬಡ್ತಿ ಸಿಕ್ಕಿತು.

ನಾನು ಅದೇ ಕಚೇರಿಗೆ ಕಸ ಗುಡಿಸಲು ಸೇರಿ, ತಡವಾಗಿ ಅಕ್ಷರ ಕಲಿತು, ರೆಕಾರ್ಡ್ ರೂಮಿನ ಬೀಗದ ಕೈ ಇಟ್ಟುಕೊಳ್ಳುವವಳಾದೆ. ವರಾಂಡದಲ್ಲಿ ಎದುರಾದರೆ ಇಸ್ತ್ರಿ ಗೋಡೆ ನೋಡುತ್ತಾ ಹೋಗುತ್ತಿದ್ದ. ಆ ಗೋಡೆಯನ್ನು ಅಷ್ಟು ಶ್ರದ್ಧೆಯಿಂದ ಸುಣ್ಣ ಬಳಿದವನೂ ನೋಡಿರಲಿಲ್ಲ.

ಒಂದು ಗುರುವಾರ ಜನರಲ್ ವಿಮಾನ ಹತ್ತಿ ಓಡಿಹೋದ ಅಂದರು. ಶುಕ್ರವಾರ, ಇಲ್ಲ, ಇಲ್ಲೇ ಇದ್ದಾನೆ ಅಂದರು. ನಾಲ್ಕು ದಿನ ಇದು ಯಾರ ಸರ್ಕಾರ ಅಂತ ಯಾರಿಗೂ ತಿಳಿಯಲಿಲ್ಲ. ಕೆಲವರು ಮನೆ ಬಿಟ್ಟು ಬರಲಿಲ್ಲ. ಒಬ್ಬಿಬ್ಬರು ಅತ್ತರು. ಟೈಪಿಸ್ಟ್ ಯಾರ ಹೆದರಿಕೆಯೂ ಇಲ್ಲದೆ ಹಾಡಿಕೊಂಡಳು. ಇಸ್ತ್ರಿ ಮಾತ್ರ ಎರಡು ಪತ್ರ ಬರೆದು ಸಿದ್ಧವಾಗಿಟ್ಟುಕೊಂಡ. ಗುಡಿಸುವವಳು ಬಂದಿರಲಿಲ್ಲವಾದ್ದರಿಂದ ಅವನ ಮೇಜು ನಾನೇ ಒರೆಸಿದೆ, ಹಾಗೆ ಕಣ್ಣಿಗೆ ಬಿದ್ದವು. ಒಂದರಲ್ಲಿ, ದಂಗೆಕೋರರನ್ನು ಬಗ್ಗುಬಡಿದಿದ್ದಕ್ಕೆ ಜನರಲ್‌ಗೆ ಅಭಿನಂದನೆ. ಇನ್ನೊಂದರಲ್ಲಿ, ದೇಶವನ್ನು ಜನರಲ್‌ನಿಂದ ಬಿಡಿಸಿದ್ದಕ್ಕೆ ದಂಗೆಯೆದ್ದವರ ಹೊಸ ಸಮಿತಿಗೆ ಅಭಿನಂದನೆ. ‘ಇತಿಹಾಸದ ದಿಕ್ಕನ್ನೇ ಬದಲಿಸಿದ ಧೀರತೆ’ ಅನ್ನುವ ಸಾಲು ಎರಡರಲ್ಲೂ ಇತ್ತು. ತಾರೀಖು ಎರಡರಲ್ಲೂ ಇರಲಿಲ್ಲ. ಸೋಮವಾರ ಹನ್ನೊಂದು ಗಂಟೆಗೆ ರೇಡಿಯೋದಲ್ಲಿ ಸಮಿತಿ ಗೆದ್ದ ಸುದ್ದಿ ಬಂತು. ಹನ್ನೊಂದೂಕಾಲಿಗೆ ಒಂದು ಪತ್ರ ಅಂಚೆಗೆ ಹೋಯಿತು, ಇನ್ನೊಂದು ಚೂರುಚೂರಾಗಿ ಬುಟ್ಟಿಗೆ ಬಿತ್ತು.

ಹಳಬರಿಗೆ ತೋರಿಸಲು ಒಬ್ಬ ಆಚೆಯವ ಬೇಕಿತ್ತು, ಹೊಸಬರಿಗೂ ಬೇಕಿತ್ತು. ಹುಡುಕುವ ಕಷ್ಟ ಇರಲಿಲ್ಲ, ಕುರ್ಚಿಯಲ್ಲೇ ಕೂತಿದ್ದ. ಅವನನ್ನು ಜಿಲ್ಲೆಯ ನೋಂದಣಿ ಅಧಿಕಾರಿ ಮಾಡಿದರು.

ನೋಂದಣಿ ಅಂದರೆ ಸಣ್ಣ ವಿಷಯವಲ್ಲ. ಹೊಸ ಸರ್ಕಾರ ನಾಗರಿಕರ ಪಟ್ಟಿಯನ್ನು ಮೊದಲಿಂದ ಬರೆಸಲು ಹೊರಟಿತ್ತು. ಈ ನೆಲದಲ್ಲಿ ಹುಟ್ಟಿದ್ದಕ್ಕೆ ದಾಖಲೆ ತೋರಿಸಬೇಕು. ಆ ತಿಂಗಳ ಮೂವತ್ತನೇ ತಾರೀಖಿನೊಳಗೆ ತೋರಿಸದವರನ್ನು ಹೊಳೆ ದಾಟಿಸಿ ಆಚೆಯ ಶಿಬಿರದಲ್ಲಿ ಬಿಡುತ್ತಾರೆ. ನಮ್ಮ ಬೀದಿಯ ತೊಂಬತ್ತನಾಲ್ಕು ಮನೆಗಳ ಜನನವನ್ನು ಊರಿನ ಜನನ ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ. ನಮ್ಮ ಹೆಸರುಗಳಿಗೆ ಕೈ ತಿರುಗುವುದಿಲ್ಲ ಅಂತ ಆ ಕಾಲದ ಗುಮಾಸ್ತರು ಬಿಟ್ಟುಬಿಟ್ಟಿದ್ದರು. ನಮಗಿದ್ದದ್ದು ಒಂದೇ, ಸುಣ್ಣದ ಗೂಡಿನ ಹಾಜರಿ ಪುಸ್ತಕ. ಗೂಡಿನ ಹೆಂಗಸು ಹೆತ್ತರೆ ಒಂದೂವರೆ ದಿನ ರಜೆ. ಮೇಸ್ತ್ರಿ ಅವಳ ಹೆಸರಿನ ಮುಂದೆ ‘ಗೈರು, ಹೆರಿಗೆ, ಗಂಡು’ ಅಂತಲೋ ‘ಹೆಣ್ಣು’ ಅಂತಲೋ ತಾರೀಖಿನ ಸಮೇತ ಬರೆಯುತ್ತಿದ್ದ. ಮೂರನೇ ದಿನ ಅವಳು ಮತ್ತೆ ಹಾಜರು. ನಮ್ಮ ಬೀದಿಯಲ್ಲಿ ಯಾರು ಯಾವತ್ತು ಹುಟ್ಟಿದರು ಅನ್ನುವುದಕ್ಕೆ ನಮ್ಮ ಅಮ್ಮಂದಿರು ಅವತ್ತು ಕೆಲಸಕ್ಕೆ ಬರಲಿಲ್ಲ ಅನ್ನುವುದೊಂದೇ ಗುರುತು. ಗೂಡುಗಳನ್ನು ಸರ್ಕಾರ ವಹಿಸಿಕೊಂಡಾಗ ಆ ಪುಸ್ತಕಗಳು ರೆಕಾರ್ಡ್ ರೂಮಿಗೆ ಬಂದವು. ನನ್ನ ಹುಟ್ಟೂ ಅದರಲ್ಲೇ ಇದೆ.

ಬೀದಿಯವರು ಅರ್ಜಿ ಹಿಡಿದು ಬಂದರು. ಮುಂದೆ ನನ್ನ ಅತ್ತಿಗೆ. ಅವಳು ನಮ್ಮ ಅಣ್ಣನನ್ನು ಮದುವೆಯಾಗಿ ಪಕ್ಕದ ಮನೆಯಿಂದ ನಮ್ಮ ಮನೆಗೆ ಬಂದಾಗ ಇಸ್ತ್ರಿಗೆ ಐದು ವರ್ಷ. ಇಸ್ತ್ರಿ ಫೈಲಿನಿಂದ ಕಣ್ಣು ತೆಗೆಯದೆ, “ಏನಮ್ಮ, ವಿಷಯ ಏನು?” ಅಂದ.

“ಏನಮ್ಮ ಅಂತೆ! ನಿನ್ನ ಸಿಂಬಳ ಒರೆಸಿದ್ದು ಇದೇ ಕೈ ಕಣೋ ಮೈದುನಪ್ಪ.”

“ಇದು ಕಚೇರಿ. ಸಂಬಂಧ ಎಲ್ಲ ಮನೇಲಿ.”

“ಮನೆಗೆ ಯಾವತ್ತು ಬಂದಿದ್ದೀಯ, ಅಲ್ಲಿ ಹೇಳೋಕೆ? ಹೋಗಲಿ ಬಿಡಿ ಸ್ವಾಮಿ. ಆ ಹಾಜರಿ ಪುಸ್ತಕ ಒಪ್ಕೊಳ್ಳಿ ಅಂತ ಕೇಳೋಕೆ ಬಂದ್ವಿ. ತಮ್ಮ ತಾಯಿಯೂ ಅದರಲ್ಲೇ ಇದ್ದಾರೆ, ಅದನ್ನಾದ್ರೂ ಹೇಳಬಹುದೋ, ಅದೂ ಮನೇಲೇನೋ?”

“ನನ್ನ ದಾಖಲೆ ನನ್ನ ಹತ್ರ ಇದೆ,” ಅಂದ ಇಸ್ತ್ರಿ. ಅದು ನಿಜ. ಕೆಲಸಕ್ಕೆ ಸೇರುವಾಗ ಜನರಲ್‌ನ ವಿಶೇಷ ಜನಾಂಗ ಇಲಾಖೆಯವರು ಕೊಟ್ಟ, ಚಿನ್ನದ ಅಂಚಿನ ಪ್ರಮಾಣಪತ್ರ ಅವನ ಬೀರುವಿನಲ್ಲಿತ್ತು.

ಅವರನ್ನು ಹೊರಗೆ ಕಳಿಸಿದ ಮೇಲೆ ಹೆಡ್ ಕ್ಲರ್ಕ್ ಬಾಯಿ ತೆರೆದ. ಅವನು ಊರಿನವನೇ, ಆಚೆಯವನಲ್ಲ. ಮಾತು ಕಡಿಮೆ, ಎದೆಯುರಿ ಜಾಸ್ತಿ, ಯಾವಾಗಲೂ ಜೇಬಿನಲ್ಲಿ ಒಂದು ಮಾತ್ರೆ.

“ಸಾರ್, ಸುತ್ತೋಲೆಯಲ್ಲಿ ‘ಅಧಿಕಾರಿಗೆ ಸೂಕ್ತ ಕಂಡ ಇತರ ದಾಖಲೆ’ ಅಂತಿದೆ. ಪಕ್ಕದ ಜಿಲ್ಲೆಯಲ್ಲಿ ಇಂಥದೇ ಹಾಜರಿ ಪುಸ್ತಕ ಒಪ್ಪಿದ್ದಾರೆ.”

“ಅಲ್ಲಿನ ಅಧಿಕಾರಿ ನಿಮ್ಮವರು. ಅವರು ಒಪ್ಪಿದ್ರೆ ಉದಾರಿ ಅಂತಾರೆ. ನಾನು ಒಪ್ಪಿದ್ರೆ ಏನಂತಾರೆ ಗೊತ್ತಾ?”

“ಏನೂ ಅನ್ನಲ್ಲ ಸಾರ್. ಮೇಲೆ ಯಾರೂ ಇದನ್ನ ಓದಲ್ಲ.”

ಆದರೆ ಇಸ್ತ್ರಿಗೆ ಯಾರೋ ಓದುತ್ತಾರೆ, ಓದಿ ಭೇಷ್ ಅನ್ನುತ್ತಾರೆ ಅಂತ ನಂಬಿಕೆ. ನಮ್ಮವರಲ್ಲಿ ಮೇಲೆ ಹೋದವರೆಲ್ಲ ಮಾಡುವ ತಪ್ಪು ಇದೇ. ಊರಿನ ಅಧಿಕಾರಿ ನಮಗೆ ಒಂದು ಏಟು ಹಾಕುವ ಕಡೆ ಇವರು ಎರಡು ಹಾಕುತ್ತಾರೆ, ತಾವು ಪಕ್ಷಪಾತಿಗಳಲ್ಲ ಅಂತ ತೋರಿಸಲು. ಊರಿನವನು ಏಟು ಹಾಕಿ ಊಟಕ್ಕೆ ಹೋಗಿಬಿಡುತ್ತಾನೆ. ಇವರು ಯಾರಾದರೂ ನೋಡಿದರೇ ಅಂತ ಸುತ್ತ ತಿರುಗಿ ನೋಡುತ್ತಾ ನಿಂತಿರುತ್ತಾರೆ.

ಎರಡು ಪುಟದ ಆದೇಶ ಬರೆದ. ‘ಖಾಸಗಿ ಮಾಲೀಕನ ಹಾಜರಿ ಪುಸ್ತಕವು ಒಬ್ಬ ಕೂಲಿ ಕೆಲಸಕ್ಕೆ ಬಾರದಿದ್ದುದಕ್ಕೆ ಸಾಕ್ಷಿಯೇ ಹೊರತು ಇನ್ನೊಬ್ಬನು ಹುಟ್ಟಿದ್ದಕ್ಕೆ ಸಾಕ್ಷಿಯಲ್ಲ.’ ಈ ಸಾಲು ಅವನಿಗೆ ಎಷ್ಟು ಹಿಡಿಸಿತು ಅಂದರೆ ಟೈಪಿಸ್ಟ್ ಕೈಲಿ ಎರಡು ಸಲ ಓದಿಸಿದ. ಯಾರೂ ಕೇಳದಿದ್ದರೂ ರಾಜಧಾನಿಗೆ ಮೂರು ಪ್ರತಿ ಕಳಿಸಿದ.

ಬೀದಿಯಲ್ಲಿ ಗಂಟು ಕಟ್ಟಲು ಶುರುವಾಯಿತು. ತಲೆಯ ಮೇಲೆ ಎಷ್ಟು ಹೊರಬಹುದು, ಏನು ಬಿಡಬೇಕು ಅಂತ ಮನೆಮನೆಯಲ್ಲಿ ಜಗಳ. ಗೋಡೆಗೆ ಸುಣ್ಣ ಬಳಿಯುವವನೊಬ್ಬ ಅರ್ಧ ಬಳಿದ ಊರಿನ ಮನೆಯನ್ನು ಹಾಗೇ ಬಿಟ್ಟು ಏಣಿ ಮಾರಿದ. ಅತ್ತಿಗೆ ಮಾತ್ರ ಒಂದು ಲೋಟವನ್ನೂ ಎತ್ತಿಡಲಿಲ್ಲ. “ಬಂದು ಎತ್ಕೊಂಡು ಹೋಗ್ಲಿ. ನಾನು ಭಾರ ಇದ್ದೀನಿ, ನಾಲ್ಕು ಜನ ಬೇಕಾಗುತ್ತೆ,” ಅಂದಳು. ಆದರೆ ಅವತ್ತು ಅವಳು ಮೂರು ರೊಟ್ಟಿ ಹಂಚಿನ ಮೇಲೇ ಸೀಯಿಸಿದ್ದನ್ನು ನಾನು ಕಂಡೆ. ಕಾಣದವಳ ಹಾಗೆ ಇದ್ದೆ.

ಇಪ್ಪತ್ತೊಂದನೇ ತಾರೀಖು ರಾಜಧಾನಿಯಿಂದ ಇನ್ನೊಂದು ಸುತ್ತೋಲೆ ಬಂತು. ಇದು ಅಧಿಕಾರಿಗಳಿಗೆ. ಪ್ರತಿಯೊಬ್ಬ ಅಧಿಕಾರಿಯೂ ತಾನು ಇಲ್ಲೇ ಹುಟ್ಟಿದವನು ಅಂತ ಪರಿಶೀಲನಾ ಸಮಿತಿಗೆ ತೋರಿಸಬೇಕು. ಕೊನೆಯ ದಿನ ಅದೇ ಮೂವತ್ತು. ಜನರಲ್‌ನ ವಿಶೇಷ ಜನಾಂಗ ಇಲಾಖೆ ಕೊಟ್ಟ ಪ್ರಮಾಣಪತ್ರಗಳೆಲ್ಲ ರದ್ದು. ದಾಖಲೆ ಇಲ್ಲದಿದ್ದರೆ, ಹುಟ್ಟನ್ನು ಬಲ್ಲ ಇಬ್ಬರು ಸಾಕ್ಷಿ ಆಗಬಹುದು, ಅವರ ಹೆಸರು ಹೊಸ ಪಟ್ಟಿಯಲ್ಲಿ ಇರಬೇಕು. ಇಸ್ತ್ರಿಯ ಹುಟ್ಟನ್ನು ಬಲ್ಲವರೆಲ್ಲ ನಮ್ಮ ಬೀದಿಯವರು. ಪಟ್ಟಿಯಲ್ಲಿ ಅವರು ಒಬ್ಬರೂ ಇಲ್ಲದ ಹಾಗೆ ನೋಡಿಕೊಂಡವನು ಯಾರು ಅಂತ ಹೇಳಬೇಕಾಗಿಲ್ಲ.

ಮರುದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದ ಹೊತ್ತು, ರೆಕಾರ್ಡ್ ರೂಮಿನ ಬಾಗಿಲು ಮೆಲ್ಲಗೆ ತೆರೆಯಿತು.

“ಅಕ್ಕ,” ಅಂದ ಇಸ್ತ್ರಿ.

ಮೂವತ್ತು ವರ್ಷದಲ್ಲಿ ಮೊದಲನೇ ಸಲ. ನನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಅಂದುಕೊಂಡೆ.

“ನಾನು ಹುಟ್ಟಿದ ವರ್ಷದ್ದು, ಊರಿನ ಜನನ ಪುಸ್ತಕ ತೆಗಿ.”

ತೆಗೆದುಕೊಟ್ಟೆ. ಪುಟ ಮಗುಚಿ ಒಂದು ತಿಂಗಳ ಕೊನೆಯಲ್ಲಿ ಬೆರಳಿಟ್ಟ. ಅಲ್ಲಿ ಎರಡು ಸಾಲು ಖಾಲಿ ಇತ್ತು.

“ಇಲ್ಲಿ ಜಾಗ ಇದೆ.”

“ಜಾಗ ಇದೆ. ಐವತ್ತೆರಡು ವರ್ಷ ಹಳೇ ಶಾಯಿ ಎಲ್ಲಿಂದ ತರ್ತೀಯ?”

“ನೀನು ಇಷ್ಟು ವರ್ಷ ಇಲ್ಲೇ ಇದ್ದೀಯ. ನಿನಗೆ ಉಪಾಯ ಗೊತ್ತಿರಬೇಕು.”

“ನಾನು ಇಲ್ಲಿ ಧೂಳು ಹೊಡೀತೀನಪ್ಪ. ಜನರನ್ನ ಹುಟ್ಟಿಸಲ್ಲ.”

ಅವನ ಮುಖ ಬಿಗಿಯಿತು. ಅಕ್ಕ ಅನ್ನುವುದು ಅಲ್ಲಿಗೆ ಮುಗಿಯಿತು. “ನಿನ್ನ ಪಿಂಚಣಿ ಫೈಲು ನನ್ನ ಮೇಜಿಗೇ ಬರಬೇಕು, ನೆನಪಿರಲಿ.”

“ಮೂವತ್ತನೇ ತಾರೀಖಾದ ಮೇಲೆ ನಾನೂ ಆಚೆ, ನೀನೂ ಆಚೆ. ಶಿಬಿರದಲ್ಲಿ ಮೇಜು ಕೊಡ್ತಾರಾ, ಮೊದಲು ಅದನ್ನ ಕೇಳ್ಕೊಂಡು ಬಾ.”

ಆಗ ಅವನು ನಮ್ಮ ಮಾತಿನಲ್ಲಿ ಮಾತಾಡಲು ಶುರುಮಾಡಿದ. ಐದು ವರ್ಷದ ಮಗುವಿನ ಮಾತು. ಅಲ್ಲಿಗೇ ನಿಂತುಬಿಟ್ಟಿತ್ತು, ಬೆಳೆದಿರಲಿಲ್ಲ. ಅಮ್ಮ, ದೊಡ್ಡಮ್ಮ, ಅಂಗಳ, ಹಸಿವು ಅಂತ ಏನೇನೋ ತಡವರಿಸಿದ. ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅಷ್ಟು ವರ್ಷ ಅಟ್ಟದ ಮೇಲೆ ಎಸೆದಿದ್ದ ಪಾತ್ರೆಯನ್ನು ಬೇಡುವ ಹೊತ್ತಿಗೆ ಕೆಳಗಿಳಿಸಿ ಮುಂದೆ ಹಿಡಿದಂತಿತ್ತು. ಮಾತು ಮುಗಿಯಲಿ ಅಂತ ಕಾದೆ. ಕಾಯುವುದು ನನಗೆ ಕಷ್ಟವಲ್ಲ. ಆಮೇಲೆ ಗೂಡಿನ ಹಾಜರಿ ಪುಸ್ತಕ ಇಳಿಸಿ, ಅವನ ಸಾಲು ಇದ್ದ ಪುಟ ತೆರೆದು ಮುಂದಿಟ್ಟೆ.

ಚಿಕ್ಕಮ್ಮನ ಹೆಸರನ್ನು ಅವನು ತುಂಬಾ ಹೊತ್ತು ನೋಡಿದ. ಕಣ್ಣು ಒದ್ದೆಯಾದೀತೇನೋ ಅಂದುಕೊಂಡಿದ್ದೆ.

“ಬರಹ ಸ್ಪಷ್ಟವಾಗಿದೆ. ಇದು ನಡೆಯುತ್ತೆ,” ಅಂದ.

ಊಟದ ಡಬ್ಬಿ ಹಿಡಿದು ಹೆಡ್ ಕ್ಲರ್ಕ್ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ. “ನಡೆಯುತ್ತೆ ಸಾರ್,” ಅಂದ. “ಆದ್ರೆ ಈ ಪುಸ್ತಕ ಹುಟ್ಟಿಗೆ ಸಾಕ್ಷಿನೇ ಅಲ್ಲ ಅಂತ ಒಬ್ಬ ಅಧಿಕಾರಿ ಆದೇಶ ಮಾಡಿದ್ದಾರೆ. ಮೂರು ಪ್ರತಿ ಮೇಲೆ ಹೋಗಿದೆ. ಅವರು ಅದನ್ನ ಹಿಂದಕ್ಕೆ ತಗೊಂಡ್ರೆ ಮಾತ್ರ.”

“ನನ್ನದೊಂದಕ್ಕೆ ವಿನಾಯಿತಿ ಅಂತ ಬರೆದ್ರೆ?”

ನಾನು ಪುಟದ ಮೇಲೆ ಕೈಯಿಟ್ಟೆ. “ಇದೇ ಪುಟದಲ್ಲಿ ಇನ್ನೂ ಮೂರು ಹೆಂಗಸರು ಗೈರು. ನಿಮ್ಮಮ್ಮ ಹೆತ್ತದ್ದು ನಿಜ, ಅವರು ಹೆತ್ತದ್ದು ಸುಳ್ಳು ಅಂತ ಬರೀತೀಯ? ಬರಿ. ಇದನ್ನಂತೂ ಮೇಲಿನವರು ಓದ್ತಾರೆ. ಒಬ್ಬರಿಗೊಬ್ಬರು ಓದಿ ಹೇಳ್ಕೊಂಡು ನಗ್ತಾರೆ.”

ಹೆಡ್ ಕ್ಲರ್ಕ್ ಜೇಬಿನಿಂದ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡ. ಇಸ್ತ್ರಿ ಹೊರಟುಹೋದ.

ಎರಡು ದಿನ ಯೋಚಿಸಿದ. ಹಿಂದೆ ಸರಿಯಬೇಕೋ ಬೇಡವೋ ಅನ್ನುವ ಯೋಚನೆಯಲ್ಲ ಅದು. ಹಿಂದೆ ಸರಿದದ್ದನ್ನು ಮುಂದೆ ನುಗ್ಗಿದ ಹಾಗೆ ಹೇಗೆ ಬರೆಯುವುದು ಅನ್ನುವುದು. ಮೂರನೇ ದಿನ ಹೊಸ ಆದೇಶ ಬಂತು. ‘ದುಡಿಯುವ ತಾಯಂದಿರ ಮೌನ ತ್ಯಾಗಕ್ಕೆ ಏಕೈಕ ಸಾಕ್ಷಿಯಾದ ಈ ಹಾಜರಿ ಪುಸ್ತಕಗಳನ್ನು, ಹಿಂದಿನ ಆಡಳಿತದ ಸಂಕುಚಿತ ದೃಷ್ಟಿಯನ್ನು ಧಿಕ್ಕರಿಸಿ, ಈ ಮೂಲಕ ಮಾನ್ಯ ಮಾಡಲಾಗಿದೆ.’ ಧಿಕ್ಕರಿಸಿದ್ದು ಯಾರನ್ನು? ಹದಿನೈದು ದಿನದ ಹಿಂದಿನ ತನ್ನನ್ನೇ. ಟೈಪಿಸ್ಟ್ ಟೈಪು ಮಾಡುತ್ತಾ ಮೂಗು ಒರೆಸಿಕೊಂಡಳು, ಅವಳಿಗೆ ತಾಯಂದಿರ ವಿಷಯ ಬಂದರೆ ಅಳು ತಡೆಯುವುದಿಲ್ಲ. ಪತ್ರಿಕೆಯವರು ಅವನ ಹೊಗಳಿಕೆಯನ್ನು ಹೆಕ್ಕಿದ್ದು ಈ ಕಾಗದದಿಂದಲೇ.

ಇಪ್ಪತ್ತೇಳನೇ ತಾರೀಖು ಕೌಂಟರ್ ತೆರೆದೆವು. ಪದ್ಧತಿ ಇಷ್ಟು: ನಾನು ಪುಸ್ತಕದ ಸಾಲನ್ನು ಗಟ್ಟಿಯಾಗಿ ಓದಬೇಕು, ಬಂದವರು ಆ ಹೆಂಗಸು ತನ್ನ ತಾಯಿ ಅಂತ ಒಪ್ಪಬೇಕು, ಹೆಡ್ ಕ್ಲರ್ಕ್ ಹೆಬ್ಬೆರಳೊತ್ತಿಸಿಕೊಂಡು ಸೀಲು ಹಾಕಬೇಕು. ಪುಸ್ತಕವನ್ನು ತನ್ನ ಚೇಂಬರಿಗೆ ತರಬೇಕು ಅಂತ ಇಸ್ತ್ರಿ ಹೇಳಿಕಳಿಸಿ ನೋಡಿದ. “ಪುಸ್ತಕ ಕೌಂಟರ್ ದಾಟಬಾರದು ಅಂತ ಸಾಹೇಬರೇ ಬರೆದಿದ್ದಾರಲ್ಲ,” ಅಂತ ಹೆಡ್ ಕ್ಲರ್ಕ್ ಹೇಳಿಕಳಿಸಿದ. ಕೊನೆಗೆ ಸಾಹೇಬರೇ ಬಂದರು.

ಜನ ದಾರಿ ಬಿಟ್ಟರು. ಕೈ ಮುಗಿದವರೂ ಇದ್ದರು. ಅದನ್ನು ನೋಡಿ ನನ್ನ ಮೈ ಉರಿಯಿತು.

“ಸಾಲು ಇದೆ ಮೈದುನಪ್ಪ,” ಅಂದಳು ಅತ್ತಿಗೆ.

“ಬಿಡವ್ವ, ದೊಡ್ಡೋರು, ಹೋಗ್ಲಿ,” ಅಂದ ಹಿಂದಿನಿಂದ ಒಬ್ಬ ಮುದುಕ.

“ದೊಡ್ಡೋರಿಗೆ ನಿಂತ್ಕೊಳ್ಳೋಕೆ ಕಾಲು ಕೊಟ್ಟಿಲ್ವಾ?”

ಯಾರೋ ಕಿಸಕ್ಕೆಂದರು. ಇಸ್ತ್ರಿ ಸಾಲಿನಲ್ಲಿ ನಿಂತ. ಅವನ ಮುಂದೆ ಹನ್ನೊಂದು ಜನ ಇದ್ದರು, ಒಬ್ಬೊಬ್ಬರಿಗೂ ನಾನು ಬೇಕಾದಷ್ಟು ಹೊತ್ತು ತೆಗೆದುಕೊಂಡೆ. ಅವನ ಸರದಿ ಬಂದಾಗ ಚಿಕ್ಕಮ್ಮನ ಹೆಸರು ಓದಿದೆ. “ಜರಡಿ ಹಿಡಿಯುವವಳು. ಗೈರು, ಒಂದೂವರೆ ದಿನ. ಹೆರಿಗೆ. ಗಂಡು.”

“ಮೆಲ್ಲಗೆ ಓದು,” ಅಂದ ಹಲ್ಲು ಕಚ್ಚಿ.

“ಎಲ್ಲರಿಗೂ ಓದಿದ ಹಾಗೇ ಓದಿದ್ದೀನಿ. ಈ ಹೆಂಗಸು ನಿಮಗೆ ಏನಾಗಬೇಕು?”

ಟೈಪಿಸ್ಟ್ ತಲೆಯೆತ್ತಿ ನೋಡುತ್ತಿದ್ದಳು. ತನ್ನ ತಾಯಿ ಶಾಲೆಯ ಟೀಚರ್ ಆಗಿದ್ದರು ಅಂತ ಅವಳಿಗೆ ಅವನು ಹೇಳಿದ್ದನಂತೆ, ಅವಳು ಆಮೇಲೆ ನನಗೆ ಹೇಳಿದಳು.

“ತಾಯಿ,” ಅಂದ.

ಹೆಬ್ಬೆರಳೊತ್ತಿದ. ಸೀಲು ಬಿತ್ತು. ಬೆರಳಿನ ಶಾಯಿಯನ್ನು ಕರವಸ್ತ್ರದಲ್ಲಿ ಉಜ್ಜುತ್ತಾ, ಕಾಗದವನ್ನು ಮಡಿಸಿ ಜೇಬಿಗಿಟ್ಟು ಹೋದ. ಹಿಂದೆ ಇನ್ನೂ ಎಷ್ಟು ಜನ ಇದ್ದಾರೆ, ಮೂವತ್ತರೊಳಗೆ ಮುಗಿಯುತ್ತದೆಯೇ ಅಂತ ಒಂದು ಮಾತು ಕೇಳಲಿಲ್ಲ. ಕೇಳುತ್ತಾನೆ ಅಂತ ನಾನೂ ಎಣಿಸಿರಲಿಲ್ಲ.

ಅವನ ನಂತರ ಬಂದದ್ದು ಗೂಡಿಗೆ ಬೆಂಕಿ ಹಾಕುತ್ತಿದ್ದವನ ಮಗಳು. ಅವಳ ತಾಯಿಯ ಸಾಲಿನ ಕೊನೆಯನ್ನು ಹುಳ ತಿಂದಿತ್ತು. ‘ಹೆರಿಗೆ’ ಅನ್ನುವುದು ಕಾಣುತ್ತಿತ್ತು, ಮುಂದಿನದು ತೂತು. ಅವಳ ಮುಖದ ಬಣ್ಣ ಇಳಿಯಿತು. ಹೆಡ್ ಕ್ಲರ್ಕ್ ಕನ್ನಡಕ ತೆಗೆದು, ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಳಗಿನ ಹಾಳೆಗೆ ಇಳಿದ ಶಾಯಿಯ ಕಲೆಯನ್ನು ಒಂದೊಂದೇ ಗೆರೆಯಾಗಿ ಓದಿದ. ಇಪ್ಪತ್ತು ನಿಮಿಷ ಹಿಡಿಯಿತು. “ಹೆಣ್ಣು,” ಅಂದ ಕೊನೆಗೆ. “ಹೆಣ್ಣೇ,” ಅಂದೆ ನಾನೂ ನೋಡಿ. ಅವಳು ಕೌಂಟರಿನ ಮರಕ್ಕೆ ಹಣೆ ಇಟ್ಟು ನಿಂತಳು.

ಸಂಜೆ ಐದರ ಹೊತ್ತಿಗೆ ಎಂಬತ್ತೊಂದು ಮನೆ ಆಗಿತ್ತು. ಉಳಿದವರಿಗೆ ನಾಳೆ ಬೆಳಿಗ್ಗೆ ಬನ್ನಿ ಅಂದೆ. ಯಾರೂ ಕದಲಲಿಲ್ಲ. ಹೆಡ್ ಕ್ಲರ್ಕ್ ನನ್ನ ಮುಖ ನೋಡಿದ, ಡ್ರಾಯರ್ ಎಳೆದು ಇನ್ನೊಂದು ಶಾಯಿ ಪ್ಯಾಡಿನ ಮುಚ್ಚಳ ತೆಗೆದ. ನಾನು ಮುಂದಿನ ಸಾಲು ಓದಿದೆ.